ನಿದಾನಕ್ಕೆ ಬೇಕಾದ ನಿಧಾನ

ಉತ್ತರಪತ್ರಿಕೆಗಳನ್ನು ತಿದ್ದಲು ಕುಳಿತ ಉಪಾಧ್ಯಾಯನಿಗೆ ಬಹುಬೇಗನೆ ಮನವರಿಕೆಯಾಗುವ ಸತ್ಯವೊಂದುಂಟು: ಮೊದಲನೆಯ ಪತ್ರಿಕೆಯನ್ನು ಓದಿದ ಕಣ್ಣು ನೂರೈವತ್ತನೆಯದನ್ನು ಓದುವುದಿಲ್ಲ. ಕಣ್ಣು ಅದೇ, ಕನ್ನಡಕ ಅದೇ, ಕೆಂಪು ಶಾಯಿಯೂ ಅದೇ; ಆದರೆ ಬೆಳಗಿನ ಹತ್ತು ಗಂಟೆಗೆ ಒಂದೊಂದು ವಾಕ್ಯದ ಮುಂದೆಯೂ ನಿಂತು ಯೋಚಿಸುತ್ತಿದ್ದ ಮನಸ್ಸು ಸಂಜೆ ನಾಲ್ಕರ ಹೊತ್ತಿಗೆ ಪುಟದ ಮೇಲೆ ಜಾರತೊಡಗುತ್ತದೆ. ಅದು ಸೋಮಾರಿತನವಲ್ಲ, ಅಪ್ರಾಮಾಣಿಕತೆಯೂ ಅಲ್ಲ. ಮನುಷ್ಯನ ಗಮನವೆಂಬುದು ದೀಪದ ಎಣ್ಣೆಯಂತೆ ಅಳತೆಯುಳ್ಳ ಪದಾರ್ಥ, ಅಷ್ಟೆ.

ಇಂತಹ ಒಂದು ಸಂಜೆ, ವಿದ್ಯಾರ್ಥಿಯೊಬ್ಬ ‘ರೋಗನಿಧಾನ’ ಎಂದು ಬರೆದಿದ್ದುದನ್ನು ಕಂಡು ಅಭ್ಯಾಸಬಲದಿಂದ ಅದರಡಿ ಕೆಂಪು ಗೆರೆ ಎಳೆದೆ. ನಿದಾನವೆಂದರೆ ಮೂಲಕಾರಣ, ರೋಗದ ಬೇರನ್ನು ಹುಡುಕಿ ಹೆಸರಿಡುವ ಕೆಲಸ. ಮಾಧವಕರನ ವೈದ್ಯಗ್ರಂಥಕ್ಕೆ ‘ಮಾಧವನಿದಾನ’ವೆಂಬ ಹೆಸರು ರೂಢಿಯಾದುದು ಈ ಅರ್ಥದಿಂದಲೇ. ನಿಧಾನವೆಂಬುದಾದರೋ ನಮ್ಮ ಆಡುಮಾತಿನಲ್ಲಿ ಸಾವಕಾಶ, ತಾಳ್ಮೆ. ಎರಡಕ್ಕೂ ಒಂದು ಮಹಾಪ್ರಾಣದ ಅಂತರ. ಗೆರೆ ಎಳೆದಾದ ಮೇಲೆ ನನ್ನ ಕೈ ತಡೆಯಿತು. ಆ ಹುಡುಗ ತಪ್ಪಿ ಬರೆದ ಮಾತಿನಲ್ಲಿ ನಮ್ಮ ಮನೆಯ ಕಥೆಯೊಂದು ಅಡಗಿತ್ತು.

ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನಿಗೆ ಸ್ತನದ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆಯಾಯಿತು. ಗಡ್ಡೆಯೊಡನೆ ಕಂಕುಳಿನ ಕೆಲವು ದುಗ್ಧಗ್ರಂಥಿಗಳನ್ನೂ ತೆಗೆದು ಪರೀಕ್ಷೆಗೆ ಕಳುಹಿಸಿದರು. ರೋಗವು ಗಡ್ಡೆಯ ಗಡಿಯನ್ನು ದಾಟಿ ಹೊರಟಿದೆಯೇ ಎಂಬುದಕ್ಕೆ ಆ ಗ್ರಂಥಿಗಳೇ ಸಾಕ್ಷಿ. ವರದಿ ಬಂದಿತು: ಗ್ರಂಥಿಗಳು ನಿರ್ಮಲವಾಗಿವೆ. ಮನೆಯಲ್ಲಿ ಆ ದಿನ ಪಾಯಸವಾಯಿತು. ಆದರೆ ಶಸ್ತ್ರವೈದ್ಯರ ಮನಸ್ಸಿಗೆ ಏನೋ ಒಪ್ಪಲಿಲ್ಲ. ಅದೇ ಗಾಜುಗಳನ್ನು ಮತ್ತೊಬ್ಬ ತಜ್ಞರಿಗೆ ತೋರಿಸಲು ಹೇಳಿದರು. ಆ ಹಿರಿಯ ವೈದ್ಯೆ ಒಂದು ಮಧ್ಯಾಹ್ನವನ್ನೆಲ್ಲ ಆ ಗಾಜುಗಳ ಮೇಲೆ ಕಳೆದರು. ಒಂದು ಗ್ರಂಥಿಯ ಅಂಚಿನಲ್ಲಿ, ಸಾಸಿವೆಕಾಳಿನ ಅರ್ಧದಷ್ಟೂ ಇಲ್ಲದ ಜಾಗದಲ್ಲಿ, ಇರಬಾರದ ಕೋಶಗಳ ಒಂದು ಪುಟ್ಟ ಗುಂಪು ಅವರಿಗೆ ಕಂಡಿತು. ಚಿಕಿತ್ಸೆಯ ಕ್ರಮ ಬದಲಾಯಿತು. ಅಕ್ಕ ಈಗ ಆರೋಗ್ಯವಾಗಿದ್ದಾಳೆ; ಮೊಮ್ಮಗಳಿಗೆ ರಂಗೋಲಿ ಕಲಿಸುತ್ತಿದ್ದಾಳೆ.

ಮೊದಲು ನೋಡಿದವರನ್ನು ನಾನು ದೂರಲಾರೆ. ಅವರ ಮೇಜಿನ ಮೇಲೆ ಆ ದಿನ ಎಷ್ಟು ಗಾಜುಗಳಿದ್ದುವೋ ಬಲ್ಲವರಾರು? ನೂರೈವತ್ತನೆಯ ಉತ್ತರಪತ್ರಿಕೆಯನ್ನು ತಿದ್ದಿದ ನನಗೆ ಅವರ ಕಷ್ಟ ಅರ್ಥವಾಗುತ್ತದೆ. ಅರ್ಥವಾಗದೆ ಉಳಿದುದು ಒಂದೇ ಪ್ರಶ್ನೆ: ಇಷ್ಟು ದೊಡ್ಡ ನಿರ್ಣಯ ಒಬ್ಬ ಮನುಷ್ಯನ ಒಂದು ಸಂಜೆಯ ಆಯಾಸದ ಮೇಲೆ ನಿಂತಿರಬೇಕೇ? ಆ ಪ್ರಶ್ನೆಯೇ ನನ್ನನ್ನು, ಕನ್ನಡದ ಅಧ್ಯಾಪಕನನ್ನು, ಗಣಕಯಂತ್ರಗಳು ಅಂಗಾಂಶವನ್ನು ಓದಲು ಕಲಿತ ಕಥೆಯ ಕಡೆಗೆ ಕೊಂಡೊಯ್ದಿತು.

ಈ ಕಥೆಯನ್ನು ಹೇಳುವ ಮೊದಲು ವೈದ್ಯರು ಓದುವ ‘ಪಠ್ಯ’ ಹೇಗೆ ಸಿದ್ಧವಾಗುತ್ತದೆಂಬುದನ್ನು ತಿಳಿಯಬೇಕು. ದೇಹದಿಂದ ತೆಗೆದ ತುಣುಕನ್ನು ಕೆಡದಂತೆ ಫಾರ್ಮಲಿನ್ ದ್ರವದಲ್ಲಿಡುತ್ತಾರೆ. ಅದರ ನೀರಿನಂಶವನ್ನು ತೆಗೆದು ಪ್ಯಾರಫಿನ್ ಮೇಣದಲ್ಲಿ ಎರಕ ಹೊಯ್ಯುತ್ತಾರೆ. ಆ ಮೇಣದ ಗಟ್ಟಿಯನ್ನು ಹರಿತವಾದ ಅಲಗಿನ ಯಂತ್ರದಿಂದ ನಾಲ್ಕೈದು ಮೈಕ್ರಾನುಗಳಷ್ಟು, ಅಂದರೆ ಒಂದು ಮಿಲಿಮೀಟರನ್ನು ಇನ್ನೂರು ಪದರ ಮಾಡಿದರೆ ಒಂದು ಪದರದಷ್ಟು, ತೆಳುವಾಗಿ ಹೆರೆಯುತ್ತಾರೆ. ಆ ಪದರವನ್ನು ಗಾಜಿನ ಮೇಲೆ ಹರಡಿದರೆ ಕಣ್ಣಿಗೆ ಕಾಣುವುದು ಬಹುಮಟ್ಟಿಗೆ ಶೂನ್ಯವೇ. ಏಕೆಂದರೆ ಜೀವಕೋಶಗಳಿಗೆ ತಮ್ಮದೆಂಬ ಬಣ್ಣ ಬಹಳ ಕಡಮೆ. ಬಣ್ಣವನ್ನು ನಾವು ಕೊಡಬೇಕು.

ಆ ಬಣ್ಣಗಳ ವಿಚಾರವೂ ಸೊಗಸಾಗಿದೆ. ಮೆಕ್ಸಿಕೋ ದೇಶದ ಕಂಪೇಚೆ ಸೀಮೆಯ ಮರವೊಂದರ ತಿರುಳಿನಿಂದ ಹೆಮಟಾಕ್ಸಿಲಿನ್ ಎಂಬ ವಸ್ತು ದೊರೆಯುತ್ತದೆ. ಅದರಿಂದ ಕೋಶಕೇಂದ್ರಗಳು ನೀಲಿಯಾಗುತ್ತವೆ. ಕೇಂದ್ರದ ಸುತ್ತಲಿನ ದ್ರವ್ಯವನ್ನೂ ನಾರುಗಳನ್ನೂ ಇಯೋಸಿನ್ ಎಂಬ ಇನ್ನೊಂದು ವರ್ಣದ್ರವ್ಯ ನಸುಗೆಂಪಾಗಿಸುತ್ತದೆ. ಇಯೋಸ್ ಎಂದರೆ ಗ್ರೀಕರ ಅರುಣೋದಯದ ದೇವತೆ. ನಮ್ಮ ವೇದದ ಉಷಸ್ಸಿಗೆ ಶಬ್ದಸಂಬಂಧದಿಂದ ಅಕ್ಕತಂಗಿಯಾಗಬೇಕು. ಹೀಗೆ ಮರದ ತಿರುಳಿನ ನೀಲಿ ಮತ್ತು ಉಷೆಯ ಕೆಂಪು ಎಂಬ ಎರಡು ಶಾಯಿಗಳಲ್ಲಿ, ಮನುಷ್ಯ ಬದುಕುವನೇ ಸಾಯುವನೇ ಎಂಬ ಪ್ರಶ್ನೆಗೆ ಉತ್ತರ ಗಾಜಿನ ಮೇಲೆ ಮೂಡುತ್ತದೆ. ಬರ್ಲಿನ್ನಿನ ರುಡಾಲ್ಫ್ ವಿರ್ಕೋ ೧೮೫೮ರಲ್ಲಿ ತನ್ನ ಗ್ರಂಥದ ಮೂಲಕ ರೋಗದ ಮನೆ ಜೀವಕೋಶವೇ ಎಂದು ಸಾರಿದಂದಿನಿಂದ ವೈದ್ಯಲೋಕ ಈ ಬಗೆಯ ಓದನ್ನು ನಂಬಿ ಬಂದಿದೆ.

ಅಕ್ಕನ ಪ್ರಸಂಗವಾದ ಮೇಲೆ ಆ ವೈದ್ಯೆಯವರು ಇಬ್ಬರು ಏಕಕಾಲದಲ್ಲಿ ನೋಡಬಹುದಾದ ಸೂಕ್ಷ್ಮದರ್ಶಕದ ಇನ್ನೊಂದು ಕೊನೆಯಲ್ಲಿ ನನ್ನನ್ನು ಕೂರಿಸಿದರು. ನನಗೆ ಕಂಡುದು ನೀಲಿ ಚುಕ್ಕೆಗಳ ಒಂದು ಜಾತ್ರೆ. ಅವರಿಗೆ ಕಂಡುದು ಬೇರೆ. ‘ಇವು ಗ್ರಂಥಿಯ ಸ್ವಂತ ಕೋಶಗಳು, ಎಲ್ಲವೂ ಒಂದೇ ಅಳತೆ, ಒಂದೇ ಶಿಸ್ತು. ಇಲ್ಲಿ ನೋಡಿ, ಈ ನಾಲ್ಕೈದು ದೊಡ್ಡವು. ಒಂದರಂತೆ ಒಂದಿಲ್ಲ, ಕೇಂದ್ರ ಕಪ್ಪಾಗಿದೆ, ಪಕ್ಕದವರೊಡನೆ ಹೊಂದಿಕೆಯಿಲ್ಲ.’ ಹಳೆಯ ಓಲೆಗರಿಯಲ್ಲಿ ಮೂಲ ಲಿಪಿಕಾರನ ಅಕ್ಷರಗಳ ನಡುವೆ ಪರಹಸ್ತದ ಅಕ್ಷರಗಳನ್ನು ಗುರುತಿಸುವ ಸಂಪಾದಕನ ನೆನಪು ನನಗಾಯಿತು. ಅವನಿಗೂ ಮೊದಲು ತೋರುವುದು ಒಂದು ಅಸಮಾಧಾನ. ಕಾರಣಗಳು ಆಮೇಲೆ ಬರುತ್ತವೆ.

ಈ ಬಗೆಯ ಓದನ್ನು ಯಂತ್ರಕ್ಕೆ ಕಲಿಸಬಹುದೇ ಎಂಬ ಆಲೋಚನೆ ಇಂದಿನದಲ್ಲ. ನ್ಯೂಯಾರ್ಕಿನಲ್ಲಿದ್ದ ಗ್ರೀಕ್ ಮೂಲದ ವಿಜ್ಞಾನಿ ಜಾರ್ಜ್ ಪಪನಿಕೊಲಾವು ೧೯೪೦ರ ದಶಕದಲ್ಲಿ ಗರ್ಭಕೊರಳಿನ ಕ್ಯಾನ್ಸರನ್ನು ಕೋಶಗಳ ಲೇಪದಿಂದ ಮೊದಲೇ ಪತ್ತೆಹಚ್ಚುವ ವಿಧಾನವನ್ನು ಬಳಕೆಗೆ ತಂದರಷ್ಟೆ. ವಿಧಾನ ಹರಡಿದಂತೆ ಗಾಜುಗಳು ರಾಶಿಬಿದ್ದುವು. ನೋಡುವ ಕಣ್ಣುಗಳು ಸಾಲದಾದುವು. ೧೯೫೦ರ ದಶಕದಲ್ಲಿಯೇ ಅಮೆರಿಕದಲ್ಲಿ ಸೈಟೋಅನಲೈಸರ್ ಎಂಬ ಯಂತ್ರವೊಂದನ್ನು ಕಟ್ಟಿದರು. ಕೋಶಕೇಂದ್ರ ಎಷ್ಟು ದೊಡ್ಡದು, ಎಷ್ಟು ಕಪ್ಪು ಎಂಬುದನ್ನು ಬೆಳಕಿನಿಂದ ಅಳೆಯುವುದು ಅದರ ಕೆಲಸ. ಆದರೆ ಒಂದರ ಮೇಲೊಂದು ಬಿದ್ದ ನಿರಪರಾಧಿ ಕೋಶಗಳನ್ನೂ ಧೂಳಿನ ಕಣಗಳನ್ನೂ ಕಂಡು ಅದು ಕಳ್ಳ ಬಂದನೆಂದು ಕೂಗಿಕೊಳ್ಳುತ್ತಿತ್ತು. ಹುಸಿ ಎಚ್ಚರಿಕೆಗಳು ಮಿತಿಮೀರಿದುದರಿಂದ ಆ ಪ್ರಯತ್ನ ಅಲ್ಲಿಗೇ ನಿಂತಿತು. ದೊಡ್ಡದು, ಕಪ್ಪು ಎಂಬ ಎರಡೇ ವಿಶೇಷಣಗಳಿಂದ ವ್ಯಾಕರಣ ಕಟ್ಟಲಾಗದೆಂಬ ಪಾಠ ಮಾತ್ರ ಉಳಿಯಿತು.

೧೯೬೬ರಲ್ಲಿ ಜುಡಿತ್ ಪ್ರೂಯಿಟ್ ಮತ್ತು ಮಾರ್ಟಿಮರ್ ಮೆಂಡೆಲ್ಸನ್ ಎಂಬವರು ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ರಕ್ತಕಣದ ಚಿತ್ರವನ್ನು ಅಂಕಿಗಳ ಚೌಕಗಳಾಗಿ ಒಡೆದು, ಆ ಅಂಕಿಗಳಿಂದಲೇ ಬಿಳಿ ರಕ್ತಕಣಗಳ ಬೇರೆಬೇರೆ ಜಾತಿಗಳನ್ನು ಗಣಕಯಂತ್ರವು ವಿಂಗಡಿಸಬಲ್ಲುದೆಂದು ತೋರಿಸಿದರು. ಚಿತ್ರವೆಂದರೆ ಯಂತ್ರಕ್ಕೆ ಅಂಕಿಗಳ ಒಂದು ಪಟ್ಟಿ. ಈ ಮೂಲಭಾವ ಇಂದಿಗೂ ಬದಲಾಗಿಲ್ಲ. ಬದಲಾದುದು ಪಟ್ಟಿಯ ಉದ್ದ. ಇಂದು ಗಾಜನ್ನು ಪೂರ್ತಿಯಾಗಿ ಚಿತ್ರೀಕರಿಸುವ ಯಂತ್ರಗಳು ಕಾಲು ಮೈಕ್ರಾನಿಗೊಂದರಂತೆ ಚಿತ್ರಬಿಂದುವನ್ನು ಹಿಡಿಯುತ್ತವೆ. ಹದಿನೈದು ಮಿಲಿಮೀಟರು ಉದ್ದ, ಅಷ್ಟೇ ಅಗಲದ ಅಂಗಾಂಶವೆಂದರೆ ಒಂದೊಂದು ಬದಿಗೆ ೬೦,೦೦೦ ಬಿಂದುಗಳು. ಒಟ್ಟು ೩೬೦ ಕೋಟಿ. ಉಗುರಿನಷ್ಟು ಜಾಗದಲ್ಲಿ ಭರತಖಂಡದ ಜನಸಂಖ್ಯೆಯ ಎರಡು ಪಟ್ಟಿಗೂ ಮಿಕ್ಕ ಬಿಂದುಗಳು! ಇವುಗಳನ್ನೆಲ್ಲ ಒಂದೊಂದಾಗಿ ನೋಡುವ ತಾಳ್ಮೆ ಯಂತ್ರಕ್ಕಲ್ಲದೆ ಇನ್ನಾರಿಗಿದ್ದೀತು?

ಬಹುಕಾಲದವರೆಗೆ ಯಂತ್ರಕ್ಕೆ ಏನನ್ನು ನೋಡಬೇಕೆಂಬುದನ್ನು ಮನುಷ್ಯನೇ ಹೇಳಿಕೊಡುತ್ತಿದ್ದ. ಆ ಪದ್ಧತಿಯ ಒಂದು ಶಿಖರವೆನ್ನಬಹುದಾದ ಕೆಲಸ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಿಂದ ೨೦೧೧ರಲ್ಲಿ ಪ್ರಕಟವಾಯಿತು. ಆಂಡ್ರ್ಯೂ ಬೆಕ್, ಡಾಫ್ನೆ ಕೋಲರ್ ಮತ್ತು ಸಂಗಡಿಗರು ಸ್ತನದ ಕ್ಯಾನ್ಸರಿನ ಚಿತ್ರಗಳಿಂದ ೬,೬೪೨ ಲಕ್ಷಣಗಳನ್ನು ಅಳೆಯುವಂತೆ ಮಾಡಿ, ರೋಗಿಯ ಮುಂದಿನ ಆಯುಸ್ಸಿಗೂ ಅವುಗಳಿಗೂ ಇರುವ ಸಂಬಂಧವನ್ನು ಹುಡುಕಿಸಿದರು. ಫಲಿತಾಂಶ ವೈದ್ಯರನ್ನು ಬೆರಗುಗೊಳಿಸಿತು. ಮುಖ್ಯವಾದ ಸುಳಿವುಗಳಲ್ಲಿ ಕೆಲವು ಕ್ಯಾನ್ಸರಿನ ಕೋಶಗಳಲ್ಲಿ ಇರಲಿಲ್ಲ. ಅವುಗಳ ಸುತ್ತ ಹಬ್ಬಿದ ನಾರುಗಳ ಆಧಾರ ಅಂಗಾಂಶದಲ್ಲಿದ್ದುವು. ರೋಗದ ದರ್ಜೆಯನ್ನು ಗೊತ್ತುಮಾಡುವಾಗ ವೈದ್ಯರು ನೋಡುತ್ತಿದ್ದುದು ಕ್ಯಾನ್ಸರಿನ ಕೋಶಗಳನ್ನು. ನಾರುಗಳು ಕೇವಲ ಹಿನ್ನೆಲೆಯೆನಿಸಿದ್ದುವು. ಕಾವ್ಯದಲ್ಲಿ ನಾಯಕನನ್ನೇ ನೋಡುತ್ತ ಕುಳಿತ ವಿಮರ್ಶಕನಿಗೆ, ಅರ್ಥವು ಊರಿನ ವರ್ಣನೆಯಲ್ಲಿದೆ ಎಂದು ಯಾರೋ ತೋರಿಸಿಕೊಟ್ಟಂತಾಯಿತು. ಪೂರ್ವಗ್ರಹವಿಲ್ಲದವನ ಓದಿಗೆ ಇಂತಹದೊಂದು ಪ್ರಯೋಜನವುಂಟು.

ಇದಾದ ಮೇಲೆ ಬಂದ ಪದ್ಧತಿಯಲ್ಲಿ ಲಕ್ಷಣಗಳನ್ನು ಹೇಳಿಕೊಡುವುದನ್ನೂ ಬಿಟ್ಟರು. ಮಗುವಿಗೆ ‘ಪ’ ಮತ್ತು ‘ವ’ ಅಕ್ಷರಗಳ ಭೇದವನ್ನು ಕಲಿಸುವಾಗ ನಾವು ರೇಖಾಗಣಿತವನ್ನು ಹೇಳುವುದಿಲ್ಲ. ನೂರು ಸಲ ತೋರಿಸುತ್ತೇವೆ, ತಪ್ಪಿದಾಗ ತಿದ್ದುತ್ತೇವೆ. ಹಾಗೆಯೇ ಇಲ್ಲಿಯೂ. ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ ಯಂತ್ರದ ಮುಂದಿಡುತ್ತಾರೆ. ಅದು ‘ರೋಗ’ ಅಥವಾ ‘ರೋಗವಲ್ಲ’ ಎಂದು ಊಹಿಸುತ್ತದೆ. ವೈದ್ಯರು ಗುರುತು ಮಾಡಿದ ಉತ್ತರದೊಡನೆ ಆ ಊಹೆಯನ್ನು ಹೋಲಿಸಿ, ತಪ್ಪಿದ್ದರೆ ಯಂತ್ರದೊಳಗಿನ ಲಕ್ಷಾಂತರ ಅಂಕಿಗಳನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತಾರೆ. ಈ ಕ್ರಿಯೆ ಲಕ್ಷಗಟ್ಟಲೆ ಸಲ ನಡೆದ ಮೇಲೆ ಯಂತ್ರವು ಬಹುಮಟ್ಟಿಗೆ ಸರಿಯಾದ ಉತ್ತರವನ್ನೇ ಹೇಳತೊಡಗುತ್ತದೆ. ಏಕೆ ಹಾಗೆ ಹೇಳಿದೆ ಎಂದು ಕೇಳಿದರೆ ಮಾತ್ರ ಅದು ಮನುಷ್ಯನಿಗೆ ತಿಳಿಯುವ ಭಾಷೆಯಲ್ಲಿ ಕಾರಣ ಕೊಡಲಾರದು.

ಕಾರಣ ತಿಳಿಯದೆಯೂ ಸರಿಯುತ್ತರ ಕೊಡಬಹುದೆಂಬುದಕ್ಕೆ ಒಂದು ಸ್ವಾರಸ್ಯವಾದ ದೃಷ್ಟಾಂತವಿದೆ. ೨೦೧೫ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾರಿವಾಳಗಳಿಗೆ ಸ್ತನದ ಅಂಗಾಂಶದ ಚಿತ್ರಗಳನ್ನು ತೋರಿಸಿ, ಸರಿಯಾದ ಗುರುತನ್ನು ಕುಕ್ಕಿದರೆ ಕಾಳು ಕೊಡುತ್ತ ತರಬೇತು ಮಾಡಿದರು. ಸುಮಾರು ಹದಿನೈದು ದಿನಗಳಲ್ಲಿ ಹಕ್ಕಿಗಳು ನೂರಕ್ಕೆ ಎಂಬತ್ತೈದರಷ್ಟು ಸಲ ಸರಿಯಾಗಿ ಕುಕ್ಕತೊಡಗಿದುವು. ನಾಲ್ಕು ಹಕ್ಕಿಗಳ ಮತವನ್ನು ಕೂಡಿಸಿದಾಗ ನೂರಕ್ಕೆ ತೊಂಬತ್ತೊಂಬತ್ತು. ಹೊಸ ಚಿತ್ರಗಳಲ್ಲಿಯೂ ಅವು ಸೋಲಲಿಲ್ಲ. ಆದರೆ ಎಕ್ಸ್‌ರೇ ಚಿತ್ರದಲ್ಲಿ ಕಾಣುವ ಗಡ್ಡೆ ಕೇಡಿನದೋ ಅಲ್ಲವೋ ಎಂಬ ಇನ್ನೊಂದು ಪರೀಕ್ಷೆಯಲ್ಲಿ ಅವು ಕಂಡ ಚಿತ್ರಗಳನ್ನು ಬಾಯಿಪಾಠ ಮಾಡಿದುವೇ ಹೊರತು, ಕಾಣದ ಚಿತ್ರಗಳ ಮುಂದೆ ತಬ್ಬಿಬ್ಬಾದುವು. ಅಧ್ಯಾಪಕರಿಗೆ ಈ ಫಲಿತಾಂಶವನ್ನು ವಿವರಿಸಬೇಕಾಗಿಲ್ಲ. ತಿಳಿದು ಬರೆದವನೂ ಉರುಹೊಡೆದು ಬರೆದವನೂ ಪರಿಚಿತ ಪ್ರಶ್ನೆಗೆ ಒಂದೇ ಉತ್ತರ ಬರೆಯುತ್ತಾರೆ. ಅವರ ಭೇದ ತಿಳಿಯುವುದು ಪ್ರಶ್ನೆ ಬದಲಾದಾಗ.

ಯಂತ್ರಕ್ಕೂ ಈ ಉರುಹೊಡೆಯುವ ಚಾಳಿ ಉಂಟು. ಒಂದೊಂದು ಆಸ್ಪತ್ರೆಯ ಗಾಜಿಗೂ ಒಂದೊಂದು ಕೈಬರಹವಿರುತ್ತದೆ: ಒಂದೆಡೆ ನೀಲಿ ಗಾಢ, ಇನ್ನೊಂದೆಡೆ ಕೆಂಪು ಹೆಚ್ಚು, ಪದರದ ದಪ್ಪ ಬೇರೆ, ಚಿತ್ರ ತೆಗೆದ ಯಂತ್ರ ಬೇರೆ. ಚಿಕಾಗೋದ ಸಂಶೋಧಕರು ೨೦೨೧ರಲ್ಲಿ ಅಮೆರಿಕದ ಒಂದು ಸಾರ್ವಜನಿಕ ಚಿತ್ರಭಂಡಾರವನ್ನು ಪರಿಶೀಲಿಸಿ, ಗಾಜು ಯಾವ ಆಸ್ಪತ್ರೆಯಿಂದ ಬಂದಿತೆಂಬುದನ್ನು ಯಂತ್ರ ಸುಲಭವಾಗಿ ಗುರುತಿಸಬಲ್ಲುದೆಂದೂ, ಬಣ್ಣಗಳನ್ನು ಸಮಗೊಳಿಸಿದ ಮೇಲೂ ಆ ಗುರುತು ಪೂರ್ತಿ ಅಳಿಯದೆಂದೂ ತೋರಿಸಿದರು. ಇದರಿಂದೇನು ಹಾನಿ? ಒಂದು ಆಸ್ಪತ್ರೆಗೆ ಕಠಿನವಾದ ರೋಗಿಗಳೇ ಹೆಚ್ಚಾಗಿ ಬರುತ್ತಿದ್ದರೆ, ಯಂತ್ರವು ರೋಗವನ್ನು ಓದುವ ಬದಲು ಆಸ್ಪತ್ರೆಯ ಹೆಸರನ್ನು ಓದಿ, ‘ಇವರಿಗೆ ಕಷ್ಟ’ ಎಂದುಬಿಡಬಹುದು. ಕೈಬರಹ ನೋಡಿ ಅಂಕ ಕೊಡುವ ಪರೀಕ್ಷಕನಿಗೂ ಇದಕ್ಕೂ ಏನು ಭೇದ? ಆದಕಾರಣ, ವಿದೇಶದ ಗಾಜುಗಳಿಂದ ಕಲಿತ ಯಂತ್ರವನ್ನು ನಮ್ಮ ಊರಿನ ಗಾಜುಗಳ ಮೇಲೆ ಪರೀಕ್ಷಿಸಿ ನೋಡದೆ ನಂಬತಕ್ಕದ್ದಲ್ಲ.

ಇನ್ನು ನನ್ನ ಮೂಲ ಪ್ರಶ್ನೆಗೆ ಬರುತ್ತೇನೆ. ಅಕ್ಕನ ಗಾಜಿನಂತಹವೇ ಗಾಜುಗಳನ್ನಿಟ್ಟುಕೊಂಡು ೨೦೧೬ರಲ್ಲಿ ಒಂದು ಸ್ಪರ್ಧೆ ನಡೆಯಿತು. ಅದರ ಹೆಸರು ಕ್ಯಾಮಲಿಯಾನ್. ಅದರ ವಿವರವಾದ ವರದಿ ೨೦೧೭ರ ಡಿಸೆಂಬರಿನಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಬಂದಿತು. ಸ್ತನದ ಕ್ಯಾನ್ಸರಿನ ರೋಗಿಗಳ ದುಗ್ಧಗ್ರಂಥಿಗಳ ೩೯೯ ಚಿತ್ರಗಳು. ೨೭೦ ಯಂತ್ರಗಳ ಕಲಿಕೆಗೆ, ೧೨೯ ಪರೀಕ್ಷೆಗೆ. ಅನೇಕ ದೇಶಗಳ ತಂಡಗಳು ತಮ್ಮ ತಮ್ಮ ಯಂತ್ರವಿದ್ಯೆಯನ್ನು ಪಣಕ್ಕಿಟ್ಟುವು. ಇದೇ ೧೨೯ ಗಾಜುಗಳನ್ನು ಹನ್ನೊಂದು ಮಂದಿ ರೋಗಶಾಸ್ತ್ರಜ್ಞರಿಗೂ ಕೊಟ್ಟರು. ಆಸ್ಪತ್ರೆಯ ದಿನನಿತ್ಯದ ಒತ್ತಡವನ್ನು ಅನುಕರಿಸಿ ಸುಮಾರು ಎರಡು ಗಂಟೆಗಳ ಗಡುವಿಟ್ಟರು. ಎಂದರೆ ಗಾಜಿಗೆ ಸುಮಾರು ಒಂದು ನಿಮಿಷ.

ಫಲವನ್ನು ಹೀಗೆ ತಿಳಿಯಬಹುದು. ರೋಗವಿರುವ ಒಂದು ಗಾಜು, ಇಲ್ಲದ ಒಂದು ಗಾಜು, ಹೀಗೆ ನೂರು ಜೋಡಿಗಳನ್ನು ಮುಂದಿಟ್ಟರೆ ಎಷ್ಟು ಜೋಡಿಗಳಲ್ಲಿ ಓದುವವನ ಸಂಶಯ ರೋಗವಿರುವ ಗಾಜಿನ ಮೇಲೆಯೇ ಹೆಚ್ಚಾಗಿ ಬೀಳುತ್ತದೆ? ಗಡುವಿನಲ್ಲಿದ್ದ ವೈದ್ಯರಿಗೆ ಸರಾಸರಿ ೮೧. ಗೆದ್ದ ಯಂತ್ರಕ್ಕೆ ೯೯. ರೋಗದ ಕಣಗಳು ತೀರ ಸಣ್ಣವಾಗಿದ್ದ ಗಾಜುಗಳಲ್ಲಿಯಂತೂ ಆ ಹನ್ನೊಂದು ಮಂದಿಯಲ್ಲಿ ಅತ್ಯುತ್ತಮರಾದವರೂ ಮೂರರಲ್ಲೊಂದು ಪಾಲಿಗಿಂತ ಹೆಚ್ಚನ್ನು ಕಾಣದೆ ಹೋದರು. ಈ ಸುದ್ದಿ ಹೊರಬಿದ್ದಾಗ, ಯಂತ್ರ ವೈದ್ಯನನ್ನು ಸೋಲಿಸಿತು ಎಂದು ಲೋಕವೆಲ್ಲ ಹೇಳಿತು.

ಆದರೆ ಅದೇ ವರದಿಯಲ್ಲಿ ಹನ್ನೆರಡನೆಯ ವೈದ್ಯರೊಬ್ಬರು ಇದ್ದಾರೆ. ಅವರಿಗೆ ಗಡುವಿರಲಿಲ್ಲ. ಅದೇ ೧೨೯ ಗಾಜುಗಳನ್ನು ನೋಡಲು ಅವರು ಸುಮಾರು ಮೂವತ್ತು ಗಂಟೆ ತೆಗೆದುಕೊಂಡರು. ಗಾಜಿಗೆ ಸುಮಾರು ಹದಿನಾಲ್ಕು ನಿಮಿಷ. ಅವರಿಗೆ ನೂರರಲ್ಲಿ ೯೭ರಷ್ಟು ಬಂದಿತು. ಸ್ಪರ್ಧೆಯ ಮೊದಲ ಐದು ಯಂತ್ರಗಳ ಸರಾಸರಿಗೆ ಸರಿಸಮಾನ. ಈ ಹನ್ನೆರಡನೆಯವರನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ನನಗೆ ಮಾತ್ರ ವರದಿಯ ತಿರುಳೇ ಅವರೆಂದು ತೋರುತ್ತದೆ. ಯಂತ್ರ ಸೋಲಿಸಿದ್ದು ಮನುಷ್ಯನ ಕಣ್ಣನ್ನಲ್ಲ, ಅವನ ಅವಸರವನ್ನು. ಒಂದು ನಿಮಿಷದ ಓದಿಗೂ ಹದಿನಾಲ್ಕು ನಿಮಿಷದ ಓದಿಗೂ ಇರುವ ಅಂತರವೇ ಅಕ್ಕನ ಎರಡು ವರದಿಗಳಿಗೂ ಇದ್ದ ಅಂತರ. ನಿದಾನಕ್ಕೆ ಬೇಕಾದುದು ನಿಧಾನ.

ಹಾಗೆಂದು, ಪ್ರತಿ ಗಾಜಿಗೂ ಹದಿನಾಲ್ಕು ನಿಮಿಷ ಕೊಡಿರೆಂದು ವೈದ್ಯರಿಗೆ ಉಪದೇಶ ಮಾಡಿ ಪ್ರಯೋಜನವೇನು? ಅಷ್ಟು ವೈದ್ಯರು ನಮ್ಮಲ್ಲಿಲ್ಲ. ಜಿಲ್ಲೆಯ ಊರುಗಳಿಂದ ಅಂಗಾಂಶದ ತುಣುಕು ಬಸ್ಸು ಹತ್ತಿ ನಗರಕ್ಕೆ ಬಂದು ಸರದಿ ಕಾಯುವುದನ್ನು ನಾವೆಲ್ಲ ಬಲ್ಲೆವು. ಯಂತ್ರದ ಉಪಕಾರ ಇಲ್ಲಿಯೇ ಇರುವುದು. ವಿಭಜನೆಯಾಗುತ್ತಿರುವ ಕೋಶಗಳನ್ನು ಎಣಿಸುವಂತಹ, ಬೇಸರದ ಆದರೆ ತಪ್ಪಬಾರದ ಕೆಲಸವನ್ನು ಅದು ಮಾಡಲಿ. ನಿಸ್ಸಂಶಯವಾದ ಗಾಜುಗಳನ್ನು ಒಂದು ಕಡೆಗಿಟ್ಟು ಅನುಮಾನದವುಗಳನ್ನು ಮೇಲಕ್ಕೆ ತರಲಿ. ಹಾಗೆ ಉಳಿದ ಕಾಲವನ್ನು ವೈದ್ಯರು ಕಠಿನವಾದ ಹತ್ತು ಗಾಜುಗಳ ಮೇಲೆ ಧಾರಾಳವಾಗಿ ವೆಚ್ಚಮಾಡಲಿ. ಬೆಂಗಳೂರಿನಲ್ಲಿಯೇ ೨೦೧೫ರಲ್ಲಿ ಆರಂಭವಾದ ಸಿಗ್‌ಟಪಲ್ ಎಂಬ ಸಂಸ್ಥೆ ರಕ್ತದ ಲೇಪದ ಚಿತ್ರಗಳಿಂದ ಕಣಗಳನ್ನು ವಿಂಗಡಿಸುವ ಯಂತ್ರವಿದ್ಯೆಯನ್ನು ಸಿದ್ಧಪಡಿಸಿ ಅದಕ್ಕೆ ‘ಶೋಣಿತ್’ ಎಂದು ಹೆಸರಿಟ್ಟಿತು. ರಕ್ತಕ್ಕೆ ನಮ್ಮ ಕವಿಗಳು ಬಳಸಿದ ಹಳೆಯ ಸಂಸ್ಕೃತ ಶಬ್ದ ಗಣಕಯಂತ್ರದ ನಾಲಗೆಯ ಮೇಲೆ ಹೀಗೆ ಮರುಹುಟ್ಟು ಪಡೆಯಿತು.

ಯಂತ್ರ ಮತ್ತು ಮನುಷ್ಯ ಜೊತೆಗೂಡಿದರೆ ಆಗುವ ಲಾಭವೂ ಆ ಸ್ಪರ್ಧೆಯಿಂದಲೇ ತಿಳಿದುಬಂದಿತು. ಗೆದ್ದ ತಂಡದವರು ೨೦೧೬ರಲ್ಲಿ ತಮ್ಮ ಯಂತ್ರದ ಉತ್ತರಗಳನ್ನು ಒಬ್ಬ ವೈದ್ಯರ ಉತ್ತರಗಳೊಡನೆ ಕೂಡಿಸಿ ನೋಡಿದಾಗ ವೈದ್ಯರ ತಪ್ಪಿನ ಪ್ರಮಾಣ ನೂರಕ್ಕೆ ೮೫ರಷ್ಟು ಇಳಿಯಿತು. ಆಗ ಯಂತ್ರವು ಒಂಟಿಯಾಗಿ ಆ ವೈದ್ಯರಿಗಿಂತ ಹಿಂದೆಯೇ ಇದ್ದಿತೆಂಬುದನ್ನು ಗಮನಿಸಬೇಕು. ತನಗಿಂತ ಕಡಮೆಯವನಿಂದ ಸಹಾಯವಾದುದು ಹೇಗೆ? ಇಬ್ಬರ ತಪ್ಪುಗಳೂ ಒಂದೇ ಜಾಗದಲ್ಲಿ ಬೀಳದಿದ್ದುದರಿಂದ. ಒಂದೇ ಕಾವ್ಯದ ಎರಡು ಹಸ್ತಪ್ರತಿಗಳಲ್ಲಿ ಎರಡೂ ದೋಷಯುಕ್ತವಾಗಿದ್ದರೂ, ದೋಷಗಳು ಬೇರೆಬೇರೆಯಾಗಿದ್ದರೆ ಸಂಪಾದಕನು ಶುದ್ಧಪಾಠವನ್ನು ಪಡೆಯಬಲ್ಲ; ಒಂದನ್ನು ನೋಡಿ ಇನ್ನೊಂದನ್ನು ನಕಲು ಮಾಡಿದ್ದರೆ ಎರಡನೆಯದರಿಂದ ಅವನಿಗೆ ಏನೂ ದೊರೆಯದು.

ಈ ಕೊನೆಯ ಮಾತಿನಲ್ಲಿ ಒಂದು ಎಚ್ಚರಿಕೆಯಿದೆ. ವೈದ್ಯರು ಗಾಜನ್ನು ನೋಡುವ ಮೊದಲೇ ಯಂತ್ರ ಬಾಣದ ಗುರುತಿಟ್ಟು ಉತ್ತರ ಹೇಳಿಬಿಟ್ಟರೆ, ಆಯಾಸಗೊಂಡ ಕಣ್ಣು ಬಾಣದ ತುದಿಯನ್ನಷ್ಟೇ ನೋಡಿ ತಲೆದೂಗುವ ಸಂಭವವಿದೆ. ಆಗ ಎರಡು ಪ್ರತಿಗಳಿರುವುದಿಲ್ಲ. ಒಂದು ಪ್ರತಿ, ಅದಕ್ಕೊಂದು ನಕಲು. ೨೦೨೧ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗಾಗಿ ಇಂತಹ ಮೊದಲನೆಯ ಯಂತ್ರವಿದ್ಯೆಗೆ ಅನುಮತಿ ಕೊಟ್ಟಾಗ ಈ ಸೂಕ್ಷ್ಮವನ್ನು ಮರೆಯಲಿಲ್ಲ. ವೈದ್ಯರ ಮೊದಲ ನೋಟಕ್ಕೆ ಬೀಳದೆ ಹೋದ ಸಂಶಯದ ಜಾಗವಿದ್ದರೆ ಅದನ್ನು ಮತ್ತೆ ನೋಡುವಂತೆ ತೋರಿಸಿಕೊಡುವುದು ಯಂತ್ರದ ಕೆಲಸ, ನಿರ್ಣಯ ವೈದ್ಯರದು. ಮೊದಲು ಮನುಷ್ಯ ಓದಬೇಕು. ಆಮೇಲೆ ಯಂತ್ರ ಕೇಳಬೇಕು: ‘ಇದನ್ನು ನೋಡಿದಿರಾ?’

ಇದಕ್ಕಿಂತ ದೊಡ್ಡ ಅಪಾಯ ಯಂತ್ರದಿಂದ ಬರುವುದಲ್ಲ, ನಮ್ಮ ಲೆಕ್ಕಾಚಾರದಿಂದ ಬರುವುದು. ಯಂತ್ರ ಉಳಿಸಿಕೊಟ್ಟ ಒಂದು ಗಂಟೆಯನ್ನು ಯಾರು ತೆಗೆದುಕೊಳ್ಳುತ್ತಾರೆ? ವೈದ್ಯರಿಗೆ ಅದು ಕಠಿನ ಗಾಜಿನ ಮುಂದೆ ಕುಳಿತು ಯೋಚಿಸುವ ಗಂಟೆಯಾದರೆ ಆ ಹನ್ನೆರಡನೆಯವರಂತೆ ಎಲ್ಲರೂ ಓದಬಲ್ಲರು. ಹಾಗಲ್ಲದೆ, ‘ಯಂತ್ರವಿದೆಯಲ್ಲ, ಇನ್ನೂ ನೂರು ಗಾಜು ನೋಡಿ’ ಎಂದು ಆಡಳಿತದವರು ಹೇಳಿದರೆ, ಗಾಜಿಗೆ ಒಂದು ನಿಮಿಷವಿದ್ದುದು ಅರ್ಧ ನಿಮಿಷವಾಗುತ್ತದೆ. ನಾವು ಹೊರಟಲ್ಲಿಗೇ ಮರಳುತ್ತೇವೆ. ಯಂತ್ರದ ವೇಗವನ್ನು ಮನುಷ್ಯನ ನಿಧಾನವಾಗಿ ಪರಿವರ್ತಿಸುವ ವಿದ್ಯೆ ಗಣಕಶಾಸ್ತ್ರದ ಪುಸ್ತಕಗಳಲ್ಲಿಲ್ಲ. ಅದು ಆಸ್ಪತ್ರೆಗಳನ್ನು ನಡೆಸುವವರ ವಿವೇಕಕ್ಕೆ ಸೇರಿದ್ದು. ಆ ವಿವೇಕವನ್ನು ಕೇಳಿ ಪಡೆಯಬೇಕಾದವರು ನಾವು, ಸರದಿಯಲ್ಲಿ ಕಾಯುವವರು.

ಆ ವೈದ್ಯೆಯವರನ್ನು ನಾನೊಮ್ಮೆ ಕೇಳಿದ್ದೆ: ‘ಯಂತ್ರ ಬಂದರೆ ನಿಮ್ಮ ಕೆಲಸ ಹೋಗುವುದಿಲ್ಲವೇ?’ ಅವರು ಸೂಕ್ಷ್ಮದರ್ಶಕದಿಂದ ತಲೆಯೆತ್ತದೆ ಉತ್ತರಿಸಿದರು. ‘ನಿಮ್ಮ ಅಕ್ಕನ ವರದಿಯ ಕೆಳಗೆ ನಾನು ರುಜು ಹಾಕಿದೆ. ಆ ರಾತ್ರಿ ನಿದ್ರೆ ಬರಲಿಲ್ಲ. ಮರುದಿನ ಬೆಳಗ್ಗೆ ಬಂದು ಅದೇ ಗಾಜನ್ನು ಮತ್ತೊಮ್ಮೆ ನೋಡಿದೆ. ಯಂತ್ರ ನನಗಿಂತ ಚೆನ್ನಾಗಿ ನೋಡಲಿ, ಸಂತೋಷ. ಆದರೆ ನಿದ್ರೆಗೆಡುವವರೊಬ್ಬರು ಬೇಕಷ್ಟೆ.’

ಅಂದು ಸಂಜೆ ಹುಡುಗನ ಉತ್ತರಪತ್ರಿಕೆಯ ಮುಂದೆ ಕುಳಿತಾಗ ನನಗೆ ನೆನಪಾದುದು ಈ ಮಾತು. ಕಾಗುಣಿತದ ತಪ್ಪು ತಪ್ಪೇ. ಕೆಂಪು ಗೆರೆಯನ್ನು ಅಳಿಸಲಿಲ್ಲ. ಆದರೆ ಇನ್ನೂ ನಲವತ್ತು ಪತ್ರಿಕೆಗಳು ಉಳಿದಿದ್ದುವು. ಅವುಗಳನ್ನು ಕಟ್ಟಿ ಬದಿಗಿಟ್ಟು, ಮರುದಿನ ಬೆಳಗ್ಗೆ ತಿದ್ದುವುದೆಂದು ದೀಪ ಆರಿಸಿದೆ.